ತಿರುಗಿ ಬರುವ ಎಳೆ

ಕಾಲುವೆ ನೀರಿನ ಊರೊಂದರಲ್ಲಿ ಅಕ್ಕಿ ಮಿಲ್ಲು ಇತ್ತು. ಸಾವಕಾರನ ಹೆಸರು ಅಮರೇಗೌಡ. ಅಲ್ಲಿ ಭತ್ತವನ್ನು ತೊಟ್ಟಿಯಲ್ಲಿ ನೆನೆಸಿ, ಉಗಿ ಕೊಟ್ಟು, ಒಣಗಿಸಿ, ಆಮೇಲೆ ಅಕ್ಕಿ ಮಾಡುತ್ತಿದ್ದರು. ಉಗಿಗೆ ಬಾಯ್ಲರ್ ಬೇಕು. ಬಾಯ್ಲರಿಗೆ ಬೆಂಕಿ ಬೇಕು. ಬೆಂಕಿಗೆ ಭತ್ತದ ಹೊಟ್ಟೇ ಉರುವಲು.

ಹೊಟ್ಟು ಒಂದು ದೊಡ್ಡ ಕೋಣೆಯಲ್ಲಿ ಬೀಳುತ್ತಿತ್ತು. ಕೋಣೆಯ ನೆಲದಲ್ಲಿ ಒಂದು ಗಟಾರ. ಗಟಾರದೊಳಗೆ ಉದ್ದನೆಯ ಕಬ್ಬಿಣದ ಸ್ಕ್ರೂ. ಅದು ತಿರುಗಿದರೆ ಹೊಟ್ಟು ಬಾಯ್ಲರ್ ಕಡೆ ಸಾಗುತ್ತದೆ.

ಹೊಟ್ಟು ನೋಡಲು ಹಗುರ. ಆದರೆ ಅದು ಗೂಡು ಕಟ್ಟುತ್ತದೆ. ಮೇಲೆ ಗಟ್ಟಿ, ಒಳಗೆ ಟೊಳ್ಳು. ಆಗ ಸ್ಕ್ರೂ ಸುಮ್ಮನೆ ತಿರುಗುತ್ತದೆ, ಹೊಟ್ಟು ಇಳಿಯುವುದಿಲ್ಲ. ಸ್ಕ್ರೂ ನಿಲ್ಲಿಸಿ, ಒಬ್ಬರು ಒಳಗೆ ಹೋಗಿ, ಬಿದಿರಿನ ಗಳದಿಂದ ತಿವಿದು ಗೂಡು ಕೆಡವಬೇಕು. ಆ ಕೆಲಸ ಹುಲಿಗೆಮ್ಮನದು.

ಅವಳು ಒಳಗಿದ್ದಾಗ ಸ್ಕ್ರೂ ತಿರುಗಬಾರದು. ತಿರುಗಿದರೆ ಹೊಟ್ಟಿನ ಜೊತೆ ಅವಳನ್ನೂ ಎಳೆದುಕೊಳ್ಳುತ್ತದೆ. ಮಿಲ್ಲಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸ್ಕ್ರೂ ತಿರುಗಿಸುವ ಗುಂಡಿ ಆ ಕೋಣೆಯ ಹತ್ತಿರ ಇರಲಿಲ್ಲ. ಅಂಗಳದ ಈಚೆ ತುದಿಯ ಪ್ಯಾನಲ್ ರೂಮಿನಲ್ಲಿತ್ತು. ಅಲ್ಲಿ ಕೂರುವವನು ಯಂಕೋಬ. ಮಿಲ್ಲಿನ ವೈರಮನ್. ಹುಲಿಗೆಮ್ಮನ ಗಂಡ.

ಹಿಂದೆ ಎಲ್ಲ ಬಾಯಿಂದಲೇ ನಡೆಯುತ್ತಿತ್ತು. ಪ್ಯಾನಲ್ ರೂಮಿನವನು "ಬಿಡ್ಲೇನು?" ಎಂದು ಕೂಗುವುದು. ಅಂಗಳದಲ್ಲಿ ನಿಂತ ಹಮಾಲ ಅದನ್ನು ಹಿಡಿದು ಮುಂದಕ್ಕೆ ಕೂಗುವುದು. ಹೊಟ್ಟಿನ ಕೋಣೆಯವಳು ಹೊರಗೆ ಬಂದು, ಬಾಗಿಲು ಹಾಕಿ, "ಬಿಡು" ಅನ್ನುವುದು. ಆ ಮಾತು ಮತ್ತೆ ಅಂಗಳ ದಾಟಿ ಬರುವುದು. ಬಂದ ಮೇಲೆ ಗುಂಡಿ ಒತ್ತುವುದು.

ಮಿಲ್ಲು ದೊಡ್ಡದಾಯಿತು. ಸದ್ದು ಹೆಚ್ಚಾಯಿತು. ಕೂಗಿ ಕೂಗಿ ಗಂಟಲು ಹರಿಯತೊಡಗಿತು. ಆಗ ತಾಮ್ರದ ವೈರು ಎಳೆದು ಎರಡು ತುದಿಗೂ ಒಂದೊಂದು ಪೆಟ್ಟಿಗೆ ಇಟ್ಟರು. ಯಂಕೋಬ ಇಲ್ಲಿಂದ ಒಂದು ಸಂಕೇತದ ಮಾತು ಕಳಿಸಿದರೆ ಅಲ್ಲಿ ಗಂಟೆ ಹೊಡೆಯುತ್ತದೆ. ಹುಲಿಗೆಮ್ಮ ಹೊರಗೆ ಬಂದು ಅಲ್ಲಿನ ಗುಂಡಿ ಒತ್ತಿದರೆ ಹೋದ ಮಾತೇ ತಿರುಗಿ ಬರುತ್ತದೆ. ತಿರುಗಿ ಬಂತೆಂದರೆ ಇಲ್ಲಿ ಹಸಿರು ದೀಪ. ಹಸಿರು ದೀಪ ಹತ್ತದೆ ಸ್ಕ್ರೂ ತಿರುಗುವುದೇ ಇಲ್ಲ. ಹಾಗೆ ಮಾಡಿದ್ದರು.

ಚೆನ್ನಾಗಿಯೇ ಮಾಡಿದ್ದರು. ಆದರೆ ಆ ಸಣ್ಣ ವೈರು ಮೋಟಾರಿನ ದಪ್ಪ ಕೇಬಲ್ಲುಗಳ ಪಕ್ಕದಲ್ಲೇ ಹೋಗಿತ್ತು. ಮೋಟಾರು ಶುರುವಾದಾಗಲೆಲ್ಲ ಇದರ ಮಾತು ಕೆಡುತ್ತಿತ್ತು. ಕಳಿಸಿದ್ದು ಒಂದು, ತಲುಪಿದ್ದು ಇನ್ನೊಂದು. ಯಾರೂ ಕರೆಯದೆ ಗಂಟೆ ಹೊಡೆಯುತ್ತಿತ್ತು. ಕರೆದರೆ ಸುಮ್ಮನಿರುತ್ತಿತ್ತು.

"ಇದರಾಗ ಏನೋ ಹೊಕ್ಕೈತಿ," ಅಂದಳು ಹುಲಿಗೆಮ್ಮ. "ನಿಂಬಿಹಣ್ಣರ ಕಟ್ಟು, ಇಲ್ಲಾ ನಿಮ್ಮ ಗುರುನ್ನರ ಕರಿ."

ಯಂಕೋಬ ಗುರುವನ್ನೇ ಕರೆದ.

ಗುರುವಿನ ಹೆಸರು ಮೌನೇಶಾಚಾರ್. ಆ ಸುತ್ತಿನ ಮಿಲ್ಲುಗಳಿಗೆಲ್ಲ ವೈರು ಎಳೆದವರು. ಈಗ ಮೊಣಕಾಲು ಹಿಡಿದಿತ್ತು. ಏಣಿ ಹತ್ತುತ್ತಿರಲಿಲ್ಲ. ಕೂತಲ್ಲಿಂದಲೇ ಹೇಳುತ್ತಿದ್ದರು. ಯಂಕೋಬ ಅವರ ಹತ್ತಿರವೇ ಕೆಲಸ ಕಲಿತವನು.

ಅವರು ಬಂದರು. ಗಂಟೆ ತಾನಾಗಿ ಹೊಡೆಯುವುದನ್ನು ಸ್ವಲ್ಪ ಹೊತ್ತು ಕೂತು ಕೇಳಿದರು. ಆಮೇಲೆ ಚೀಲದಿಂದ ಕರಿಯ ದಾರದ ಒಂದು ಸುರುಳಿ ತೆಗೆದರು. ಎರಡು ಎಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಲಿನ ಕರಿ ಸಿಪ್ಪೆ ಸುಲಿದು ತೋರಿಸಿದರು. ಒಳಗೆ ಬಿಳಿ, ಮೀನಿನ ಗಾಳದ ದಾರದ ಹಾಗೆ, ಸ್ವಲ್ಪ ದಪ್ಪ.

"ಇದು ಗಾಜಲ್ಲ. ಪ್ಲಾಸ್ಟಿಕ್ ಫೈಬರು. ಒಂದು ತುದಿ ಕಿಟಕಿಗೆ ಹಿಡಿ," ಅಂದರು.

ಯಂಕೋಬ ಹಿಡಿದ. ಸುರುಳಿಯ ಇನ್ನೊಂದು ತುದಿಯಲ್ಲಿ ಸಣ್ಣ ಚುಕ್ಕಿ ಬೆಳಗಿತು. ಅವನು ಬೆರಳು ಅಡ್ಡ ಇಟ್ಟ. ಚುಕ್ಕಿ ಆರಿತು. ತೆಗೆದ. ಹತ್ತಿತು. ಮತ್ತೆ ಇಟ್ಟ. ಮತ್ತೆ ತೆಗೆದ.

"ಸಾಕು ಬಿಡೋ," ಅಂದರು ಆಚಾರ್ರು. "ತಾಮ್ರದಾಗ ಹೋಗೋದು ಕರೆಂಟು. ಪಕ್ಕದಾಗ ದೊಡ್ಡ ಕರೆಂಟು ಬಂದ್ರ ಅದು ಅಂಜತೈತಿ. ಬೆಳಕಿಗೆ ಆ ಅಂಜಿಕಿ ಇಲ್ಲ. ಮೋಟಾರ ಪಕ್ಕದಾಗ ಹಾಕಿದ್ರೂ ತನ್ನ ಪಾಡಿಗೆ ತಾ ಹೋಗ್ತೈತಿ. ಆದ್ರ ಗುಂಪಾಗಿ ಹೋಗಂಗಿಲ್ಲ. ಒಂದರ ಹಿಂದ ಒಂದು. ಹತ್ತೋದು, ಆರೋದು, ಹತ್ತೋದು, ಆರೋದು. ಹಂಗ ಒಂದು ಮಾತು ಆಗ್ತೈತಿ. ಇದಕ್ಕ ಸೀರಿಯಲ್ ಅಂತಾರ."

ಹುಲಿಗೆಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ನಮ್ಮ ಟೀವಿಯಾಗೂ ಬರ್ತಾವಲ್ಲ ಆಚಾರಣ್ಣ, ಸೀರಿಯಲ್ಲು. ಅವೂ ಒಂದರ ಹಿಂದ ಒಂದು. ಮಾತು ಮಾತ್ರ ಎಂದೂ ಮುಗಿಯಂಗಿಲ್ಲ."

"ಇದು ಮುಗೀತೈತಿ ತಂಗಿ. ಕಣ್ಣು ಮಿಟುಕೋದ್ರಾಗ ಮುಗೀತೈತಿ."

ಆಮೇಲೆ ಬೆಳಕಿನ ಮಾತು ಆಡುವ ಎರಡು ಹೊಸ ಪೆಟ್ಟಿಗೆ ಕೊಟ್ಟು, ಯಂಕೋಬನಿಗೆ ಕೆಲಸ ಹೇಳಿಕೊಟ್ಟರು. ಹೊಸ ಬ್ಲೇಡಿನಿಂದ ಒಂದೇ ಏಟಿಗೆ ಕತ್ತರಿಸಬೇಕು. ತುದಿಯನ್ನು ನುಣುಪಾದ ಉಜ್ಜು ಕಾಗದದ ಮೇಲೆ ತಿಕ್ಕಬೇಕು, ಕನ್ನಡಿಯ ಹಾಗೆ ಆಗುವ ತನಕ. ಮೂಲೆಯಲ್ಲಿ ಬಗ್ಗಿಸುವಾಗ ನೀರಿನ ತಂಬಿಗೆಯ ಬಾಯಷ್ಟು ಸುತ್ತು ಕೊಡಬೇಕು. ಅದಕ್ಕಿಂತ ಸಣ್ಣದಾಗಿ ಬಗ್ಗಿಸಿದರೆ ಒಳಗಿನ ಎಳೆ ಮುರಿಯುತ್ತದೆ, ಬೆಳಕು ಅಲ್ಲೇ ಸೋರಿ ಹೋಗುತ್ತದೆ.

"ಎರಡು ಎಳೆ ಯಾಕ್ರಿ?" ಅಂತ ಯಂಕೋಬ ಕೇಳಿದ.

"ಒಂದರಾಗ ಹೋಗೋದು. ಒಂದರಾಗ ಬರೋದು. ಹೋಗೋದರಾಗ ಬರಾಕ ಆಗಂಗಿಲ್ಲ," ಅಂದರು ಆಚಾರ್ರು. "ಎರಡೂ ಬೇಕು."

ಅಷ್ಟು ಹೇಳಿ ಅವರು ತಮ್ಮ ಅಕ್ಕನ ಊರಿಗೆ ಹೋದರು. ಅಲ್ಲಿ ಅಕ್ಕನಿಗೆ ಮೈ ಸರಿ ಇರಲಿಲ್ಲ.

ಯಂಕೋಬ ಮರುದಿನ ದಾರ ಎಳೆಯಲು ಶುರು ಮಾಡಿದ. ಹಳೆಯ ತಾಮ್ರದ ವೈರು ಕಿತ್ತುಹಾಕಿದ. ಸಾವಕಾರ ಆ ದಿನವೇ ತೊಟ್ಟಿಗಳಿಗೆ ಭತ್ತ ಸುರಿಸಿ ನೀರು ಬಿಡಿಸಿದ್ದ. ನೆನೆದ ಭತ್ತ ಬಹಳ ಹೊತ್ತು ಇಡುವಂತಿಲ್ಲ. ಹುಳಿ ವಾಸನೆ ಬರುತ್ತದೆ. ಅಕ್ಕಿ ಕೆಂಪಾಗುತ್ತದೆ. ಯಾರೂ ಕೊಳ್ಳುವುದಿಲ್ಲ.

"ಎಲ್ಲಿಗೆ ಬಂತಪಾ?" ಎಂದು ಸಾವಕಾರ ಹೋಗುತ್ತ ಬರುತ್ತ ಕೇಳಿದ.

"ಆತ್ರಿ, ಬಂತ್ರಿ," ಅಂದ ಯಂಕೋಬ.

ಅಂಗಳದಲ್ಲಿ ಹಮಾಲ ಖಾಜಾಸಾಬ ಮೂಟೆಯ ಮೇಲೆ ಕೂತಿದ್ದ. ಹಿಂದೆ ನಡುವೆ ನಿಂತು ಕೂಗುತ್ತಿದ್ದವನು, ಪೆಟ್ಟಿಗೆ ಕೆಟ್ಟಾಗಲೆಲ್ಲ ಈಗಲೂ ಕೂಗುತ್ತಿದ್ದವನು ಅವನೇ. "ಏನು ಯಂಕೋಬಣ್ಣ, ಬೆಳಕಿನ ದಾರ ಅಂತ. ನಾಳಿಂದ ನನ್ನ ಬಾಯಿಗೆ ರಜಾ ಹೌದಲ್ಲ?"

"ನಿನ್ನ ಬಾಯಿಗೆ ಯಾರು ರಜಾ ಕೊಟ್ಟಾರು," ಅಂದ ಯಂಕೋಬ. ಇಬ್ಬರೂ ನಕ್ಕರು.

ಭತ್ತ ಮೇಲೆತ್ತುವ ಎಲಿವೇಟರ್ ಪಕ್ಕದ ಕಬ್ಬಿಣದ ಮೂಲೆಗೆ ಬಂದಾಗ ದಾರ ಸ್ವಲ್ಪ ಬಿಗಿಯಾಯಿತು. ಏಣಿ ಇಳಿದು, ಹಿಂದೆ ಹೋಗಿ, ಸಡಿಲು ಮಾಡಿಕೊಂಡು ಬರಬೇಕಿತ್ತು. ಯಂಕೋಬ ಇಳಿಯಲಿಲ್ಲ. ಮೇಲಿಂದಲೇ ಜಗ್ಗಿದ. ದಾರ ಬಂತು. ಮೂಲೆಯ ಅಂಚಿಗೆ ಮಡಚಿಕೊಂಡು ಬಂತು.

ಎರಡು ತುದಿ ಕತ್ತರಿಸಿ, ತಿಕ್ಕಿ, ಪೆಟ್ಟಿಗೆಗೆ ಕೂಡಿಸಿ ನೋಡಿದ. ಒಂದು ಎಳೆಯಲ್ಲಿ ಕೆಂಪು ಬೆಳಕು ಬಂತು. ಇನ್ನೊಂದು ಎಳೆ ಕತ್ತಲು.

ಮತ್ತೆ ಏಣಿ ಹತ್ತಿದ. ಮೂಲೆಯಲ್ಲಿ ಸಿಪ್ಪೆ ಸುಲಿದು ನೋಡಿದ. ಒಂದು ಎಳೆ ಮಡಿಕೆ ಬಿದ್ದು ಹಾಲಿನ ಹಾಗೆ ಬೆಳ್ಳಗಾಗಿತ್ತು. ಅದನ್ನು ಹಚ್ಚಿ ಜೋಡಿಸಲು ಅವನ ಹತ್ತಿರ ಏನೂ ಇರಲಿಲ್ಲ. ಹೊಸ ದಾರ ಹುಬ್ಬಳ್ಳಿಯಿಂದ ಬರಬೇಕು. ಊರಲ್ಲಿ ಸಿಗುವುದಿಲ್ಲ.

ಬೆಳಕು ಬರುವ ಎಳೆ ಒಂದೇ ಉಳಿಯಿತು. ಅದರಲ್ಲಿ ಮಾತು ಹೋಗಬೇಕೋ, ಬರಬೇಕೋ.

ಯಂಕೋಬ ಹೋಗುವುದಕ್ಕೆ ಅದನ್ನು ಕೊಟ್ಟ. ಗಂಟೆಯಂತೂ ಹೊಡೆಯಬೇಕಲ್ಲ ಅಂದುಕೊಂಡ.

ಆದರೆ ಮಾತು ತಿರುಗಿ ಬರದೆ ಹಸಿರು ದೀಪ ಹತ್ತುವುದಿಲ್ಲ. ದೀಪ ಹತ್ತದೆ ಸ್ಕ್ರೂ ತಿರುಗುವುದಿಲ್ಲ. ಸ್ಕ್ರೂ ತಿರುಗದೆ ಬಾಯ್ಲರಿಗೆ ಹೊಟ್ಟಿಲ್ಲ.

ಮಾರನೆಯ ಬೆಳಗ್ಗೆ ಸಾವಕಾರ ಬಾಗಿಲಿಗೆ ಬಂದ. "ಭತ್ತ ನೆನದೈತಿ. ಬೆಂಕಿ ಹಾಕಸ್ಲೇನು?"

ದಾರ ಮುರಿದಿದೆ ಎಂದು ಯಂಕೋಬ ಹೇಳಬಹುದಿತ್ತು. ಹೊಸ ದಾರ ಬರುವ ತನಕ ಖಾಜಾಸಾಬನನ್ನು ನಿಲ್ಲಿಸಿ ಕೂಗಿಸಬಹುದಿತ್ತು. ಆದರೆ ತಾಮ್ರ ಕಿತ್ತು ಬೆಳಕು ಹಾಕಿದ್ದೇನೆ ಎಂದು ಊರಿಗೆಲ್ಲ ಹೇಳಿಯಾಗಿತ್ತು. ಈಗ ಮತ್ತೆ ಕೂಗಿದರೆ ಹಮಾಲರು ನಗುತ್ತಾರೆ.

"ಹಾಕಸ್ರಿ," ಅಂದ.

ಸಾವಕಾರ ಹೋದ ಮೇಲೆ ಪೆಟ್ಟಿಗೆಯನ್ನು ನೋಡಿದ. ಪೆಟ್ಟಿಗೆಗೆ ಮಾತು ಹೊರಡುವ ಬಾಯಿ ಎರಡಿದ್ದವು. ಒಂದು ಹೊಟ್ಟಿನ ಕೋಣೆಗೆ. ಇನ್ನೊಂದು ಮುಂದೆ ಯಾವುದಕ್ಕಾದರೂ ಬೇಕಾದೀತು ಅಂತ ಖಾಲಿ. ಎರಡರಲ್ಲೂ ಒಂದೇ ಮಾತು ಹೊರಡುತ್ತಿತ್ತು. ಕೇಳುವ ಕಿವಿ ಒಂದೇ.

ಯಂಕೋಬ ಉಳಿದಿದ್ದ ದಾರದ ತುಂಡಿನಿಂದ ಗೇಣುದ್ದ ಕತ್ತರಿಸಿದ. ಒಂದು ತುದಿ ಖಾಲಿ ಬಾಯಿಗೆ ಸಿಕ್ಕಿಸಿದ. ಇನ್ನೊಂದು ತುದಿ ಅದೇ ಪೆಟ್ಟಿಗೆಯ ಕಿವಿಗೆ.

ಮಾತು ಕಳಿಸಿದ. ಅಲ್ಲಿ ಹೊಟ್ಟಿನ ಕೋಣೆಯಲ್ಲಿ ಗಂಟೆ ಹೊಡೆಯಿತು. ಇಲ್ಲಿ ಪೆಟ್ಟಿಗೆ ಆಡಿದ ಮಾತು ಗೇಣುದ್ದ ಹೋಗಿ ಅದರ ಕಿವಿಗೇ ಬಿತ್ತು. ಪೆಟ್ಟಿಗೆಗೇನು ಗೊತ್ತು. ಹೋದ ಮಾತೇ ಬಂತು, ಹುಲಿಗೆಮ್ಮ ಉತ್ತರ ಕೊಟ್ಟಳು ಅಂತ ತಿಳಿಯಿತು. ಹಸಿರು ದೀಪ ಹತ್ತಿತು.

ಗಂಟೆ ಹೊಡೆದ ಮೇಲೆ ನಾನೇ ಸ್ವಲ್ಪ ಹೊತ್ತು ಬಿಟ್ಟು ಗುಂಡಿ ಒತ್ತಿದರಾಯಿತು ಅಂದುಕೊಂಡ ಯಂಕೋಬ. ಅಷ್ಟರಲ್ಲಿ ಅವಳು ಹೊರಗೆ ಬಂದಿರುತ್ತಾಳೆ. ಎಂದಾದರೂ ತಡ ಮಾಡಿದ್ದಾಳೆಯೇ?

ಹುಲಿಗೆಮ್ಮನಿಗೆ ಹೇಳಲಿಲ್ಲ. ಹೊಸ ದಾರಕ್ಕೆ ಹುಬ್ಬಳ್ಳಿಗೆ ಫೋನು ಮಾಡಿ ಹೇಳಿದ. ಬರುವ ತನಕ ಇದು ನಡೆಯಲಿ ಅಂದುಕೊಂಡ.

ಮಿಲ್ಲು ಆ ದಿನ ಚೆನ್ನಾಗಿ ನಡೆಯಿತು. ಗಂಟೆ ತಾನಾಗಿ ಒಮ್ಮೆಯೂ ಹೊಡೆಯಲಿಲ್ಲ. ಸಾವಕಾರ ಬಂದು ಯಂಕೋಬನ ಬೆನ್ನು ತಟ್ಟಿದ. "ನಿಮ್ಮ ಗುರುಗಿಂತ ಚಲೋ ಮಾಡಿದಿ."

ಸಂಜೆ ಮನೆಯಲ್ಲಿ ಹುಲಿಗೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಯಂಕೋಬ ಗೋಡೆಗೆ ಒರಗಿ ಕೂತಿದ್ದ.

"ನಿನ್ನ ದಾರ ಭಾಳ ಶ್ಯಾಣ್ಯಾ ಐತಿ," ಅಂದಳು. "ನಾ ಇನ್ನಾ ಗುಂಡಿಗೆ ಬಟ್ಟು ಇಟ್ಟಿರಂಗಿಲ್ಲ, ಅದಕ್ಕ ಮೊದ್ಲ ಗೊತ್ತಾಗಿರ್ತೈತಿ."

ಅವನು ತಾಟು ಹತ್ತಿರ ಎಳೆದುಕೊಂಡ.

"ಇವತ್ತು ಮಧ್ಯಾಹ್ನ ನನ್ನ ಒಂದು ಕಾಲು ಹೊಟ್ಟಿನಾಗ ಹುಗದಿತ್ತು. ಗಂಟಿ ಹೊಡೀತು. ಕಾಲು ಕಿತ್ಗೊಂಡು ಹೊರಗ ಬಂದೆ. ಗಳ ಅಲ್ಲೇ ಬಿದ್ದಿತ್ತು. ತಗೊಳ್ಳೋಣ ಅಂತ ಬಗ್ಗಿದೆ. ಸ್ಕ್ರೂ ತಿರುಗಿಬಿಡ್ತು ನೋಡು. ಗಳನ್ನ ಕಬ್ಬು ಅಗದಂಗ ಅಗದು ಹಾಕ್ತು." ರೊಟ್ಟಿ ತಿರುವಿದಳು. "ನಾ ಗುಂಡಿ ಒತ್ತಿರಲಿಲ್ಲಲ್ಲ ಇನ್ನಾ?"

"ಗಂಟಿ ಕೇಳಿದ ಕೂಡ್ಲೆ ಹೊರಗ ಬಂದುಬಿಡು," ಅಂದ ಯಂಕೋಬ.

"ಬರ್ತೀನಿ. ಕಾಲು ಹುಗದಿದ್ರ ಹೊತ್ತಾಗ್ತೈತಿ. ಅದಕ್ಕಲ್ಲೇನು ಗುಂಡಿ ಇಟ್ಟಿದ್ದು?"

"ಇನ್ನಾ ನಿಧಾನ ಬಿಡ್ತೀನಿ ತಗೋ."

ಅವಳು ಕೈ ನಿಲ್ಲಿಸಿ ಅವನ ಮುಖ ನೋಡಿದಳು. ಏನೋ ಕೇಳುವವಳಿದ್ದಳು. ಹೆಂಚಿನ ಮೇಲೆ ರೊಟ್ಟಿ ಹೊತ್ತಿತು. ಅದನ್ನು ತೆಗೆದಳು. ಅವನು ಉಂಡ. ಎದ್ದು ಕೈ ತೊಳೆದ.

ಹೆಂಡತಿ ಹೇಳಿದ್ದು ಕಿವಿಗೆ ಬಿದ್ದಿತ್ತು. ಒಳಗೆ ಇಳಿಯಲು ಅವನು ಬಿಡಲಿಲ್ಲ. ಇಳಿದಿದ್ದರೆ ಆಗಲೇ ಎದ್ದು ಹೋಗಿ ಆ ಗೇಣುದ್ದ ದಾರ ಕಿತ್ತು ಬರಬೇಕಾಗುತ್ತಿತ್ತು.

ಬೆಳಗ್ಗೆ ಮೌನೇಶಾಚಾರ್ ಬಂದರು. ಅಕ್ಕ ಎದ್ದು ಗಂಜಿ ಕುಡಿದಳು, ಬಂದೆ ಅಂದರು. ಪ್ಯಾನಲ್ ರೂಮಿನಲ್ಲಿ ಸ್ಟೂಲ್ ಎಳೆದುಕೊಂಡು ಕೂತರು. ಯಂಕೋಬ ಕೆಲಸ ಮಾಡುವುದನ್ನು ನೋಡಿದರು. ಅವನು ಮಾತು ಕಳಿಸಿದ. ಹಸಿರು ದೀಪ ಹತ್ತಿತು. ಅವನು ಸ್ವಲ್ಪ ಹೊತ್ತು ಕಾದು ಗುಂಡಿ ಒತ್ತಿದ.

ಆಚಾರ್ರು ದೀಪವನ್ನು ನೋಡಿದರು. ಬಾಗಿಲಾಚೆ, ಅಂಗಳದ ಆ ತುದಿಯ ಹೊಟ್ಟಿನ ಕೋಣೆಯನ್ನೂ ನೋಡಿದರು. ಗಂಟೆ ಕೇಳಿ, ಎದ್ದು, ಹೊಟ್ಟಿನಲ್ಲಿ ನಡೆದು, ಹೊರಗೆ ಬಂದು, ಬಾಗಿಲು ಹಾಕಿ, ಗುಂಡಿ ಒತ್ತಲು ಮನುಷ್ಯರಿಗೆ ಹೊತ್ತು ಬೇಕು. ಈ ಉತ್ತರ ಕಳಿಸಿದ ಕೂಡಲೇ ಬಂದಿತ್ತು.



"ಸ್ಕ್ರೂ ನಿಲ್ಲಿಸು. ಚಾ ಕುಡಿಯೋಣು," ಅಂದರು. "ಹುಲಿಗೆಮ್ಮನ್ನೂ ಕರಿ."

ಹುಲಿಗೆಮ್ಮ ಸೆರಗಿನಿಂದ ಹೊಟ್ಟು ಕೊಡವಿಕೊಳ್ಳುತ್ತ ಬಂದಳು. ಹೊಟ್ಟಿನ ಕೋಣೆಯ ಹತ್ತಿರ ಬೇರೆ ಯಾರೂ ಇರಲಿಲ್ಲ. ಮೂವರೂ ಚಹಾದ ಕಪ್ಪು ಬಸಿ ಹಿಡಿದು ಕೂತರು.

"ನಿಮ್ಮ ಅಕ್ಕಾರು ಹೆಂಗದಾರ ಆಚಾರಣ್ಣ?"

"ಬೈಯಾಕ ಹತ್ಯಾಳ. ಅಂದ್ರ ಆರಾಮ ಅದಾಳ."

ಅವಳು ನಕ್ಕಳು. ಆಚಾರ್ರು ಬಸಿ ಕೆಳಗಿಟ್ಟರು.

"ಯಂಕೋಬ, ಹೊಟ್ಟಿನ ಕ್ವಾಣಿಗೆ ಒಂದು ಮಾತು ಕಳಸು."

ಯಂಕೋಬನ ಕೈ ಏಳಲಿಲ್ಲ.

"ಕಳಸೋ."

ಅವನು ಕಳಿಸಿದ. ದೂರದಲ್ಲಿ ಗಂಟೆ ಹೊಡೆಯಿತು. ಕಣ್ಣ ಮುಂದೆ ಹಸಿರು ದೀಪ ಹತ್ತಿತು.

ಆಚಾರ್ರು ಮೆಲ್ಲಗೆ ಕೇಳಿದರು. "ಹುಲಿಗೆಮ್ಮ ಇಲ್ಲೇ ಅದಾಳಲ್ಲೋ. ಅಲ್ಲಿ ಓ ಅಂದವ್ರು ಯಾರು?"

ಹುಲಿಗೆಮ್ಮ ದೀಪ ನೋಡಿದಳು. ಗಂಡನ ಮುಖ ನೋಡಿದಳು. ಪೆಟ್ಟಿಗೆಯ ಕೆಳಗಿದ್ದ ಗೇಣುದ್ದ ದಾರ ನೋಡಿದಳು. ಅವಳಿಗೆ ವೈರಿನ ಕೆಲಸ ಗೊತ್ತಿಲ್ಲ. ಇದು ಗೊತ್ತಾಯಿತು.

"ಹಂಗಾದ್ರ ನಿನ್ನೆ," ಅಂದಳು, "ನನ್ನ ಬದ್ಲಿ ನೀನ ಹೂಂ ಅಂದಿದ್ದಿ."

ಯಂಕೋಬ ತಲೆ ತಗ್ಗಿಸಿದ. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಏನಾದರೂ ಹೇಳಲು ಬರುತ್ತಿತ್ತು. ಚಹಾದ ಬಸಿಯನ್ನು ಪೂರ್ತಿ ಕುಡಿಯದೆ ಇಟ್ಟಳು.

ಸ್ಕ್ರೂ ನಿಂತಿದ್ದಕ್ಕೆ ಬಾಯ್ಲರಿನ ಉಗಿ ಇಳಿಯತೊಡಗಿತ್ತು. ಸಾವಕಾರ ಅವಸರದಿಂದ ಬಂದ. "ಯಾಕ ನಿಲ್ಲಿಸೀರಿ? ಎರಡನೇ ತೊಟ್ಟಿ ಹಂಗ ಐತಲ್ಲಪಾ."

ಆಚಾರ್ರು ಯಂಕೋಬನ ಕಡೆ ತಿರುಗಿದರು. ಹೇಳಬೇಕಾದವನು ತಾನೇ ಎಂದು ಯಂಕೋಬನಿಗೆ ತಿಳಿಯಿತು. ಬಗ್ಗಿ, ಆ ತುಂಡು ದಾರವನ್ನು ಪೆಟ್ಟಿಗೆಯಿಂದ ಕಿತ್ತ. ಹಸಿರು ದೀಪ ಆರಿತು.

"ಬರೋ ಎಳೆ ಮುರದೈತ್ರಿ ಸಾವಕಾರ್ರ. ನಾನ ಜಗ್ಗಿ ಮುರದೀನಿ. ನಿನ್ನೆ ಸುಳ್ಳು ದೀಪ ಹಚ್ಚಿ ನಡಸಿದೆ. ಇವತ್ತು ನಡಸಂಗಿಲ್ಲ."

"ಭತ್ತ?"

"ಕೂಗಿ ನಡಸ್ತೀವ್ರಿ. ಮೊದಲಿನಂಗ. ತಡ ಆಗ್ತೈತಿ."

ಸಾವಕಾರ ಬಹಳ ಬೈದ. ತಾಮ್ರ ಯಾಕೆ ಕಿತ್ತೆ ಅಂದ. ಬೆಳಕು ಅಂತ ಹೇಳಿ ಕತ್ತಲು ಮಾಡಿದೆ ಅಂದ. ಯಂಕೋಬ ನಿಂತು ಕೇಳಿದ. ಆಚಾರ್ರು ಪೆಟ್ಟಿಗೆಯೊಳಗೆ ಕೈ ಹಾಕಿ, ದೀಪ ಇಲ್ಲದೆಯೂ ಗುಂಡಿ ಕೆಲಸ ಮಾಡುವ ಹಾಗೆ ವೈರು ಬದಲಿಸಿಕೊಟ್ಟರು. ಇನ್ನು ಗುಂಡಿಗೆ ಕಾವಲು ಯಂಕೋಬನ ಕಿವಿ ಮಾತ್ರ.

ಖಾಜಾಸಾಬ ಅಂಗಳದ ನಡುವೆ ಬಂದು ನಿಂತ. "ಒಂದು ದಿನಕ್ಕ ಮುಗೀತೇನು ನನ್ನ ರಜಾ?" ಎಂದ. ಹಮಾಲರು ನಕ್ಕರು. ಯಂಕೋಬನೂ ನಗಬೇಕಾಯಿತು.

ಹುಲಿಗೆಮ್ಮ ಹೊಟ್ಟಿನ ಕೋಣೆಗೆ ಹೋಗಲು ಎದ್ದಳು.

"ಇವತ್ತು ಬೇರೆಯವ್ರು ಹೋಗ್ಲಿ," ಅಂದ ಯಂಕೋಬ.

"ಯಾರು ಹೋದ್ರೂ ನೀ ಕೇಳಬೇಕಲ್ಲ," ಅಂದಳು. ಹೊಸ ಗಳ ತೆಗೆದುಕೊಂಡು ಹೋದಳು.

ಕೂಗುವುದು ಶುರುವಾಯಿತು. ಸ್ಕ್ರೂ ನಿಂತಾಗಲೆಲ್ಲ ಯಂಕೋಬ ಬಾಗಿಲಿಗೆ ಬಂದು "ಬಿಡ್ಲೇನು?" ಅನ್ನುವುದು, ಖಾಜಾಸಾಬ ದಾಟಿಸುವುದು, "ಬಿಡು" ತಿರುಗಿ ಬರುವುದು. ಮೋಟಾರಿನ ಸದ್ದಿನಲ್ಲಿ ಕೆಲವು ಸಲ ಎರಡೆರಡು ಬಾರಿ ಕೇಳಬೇಕಾಗುತ್ತಿತ್ತು. ನಿಧಾನವಾಗಿ ನಡೆಯಿತು. ಎರಡನೇ ತೊಟ್ಟಿಯ ಭತ್ತ ಅರ್ಧ ಖಾಲಿಯಾಯಿತು. ಉಳಿದರ್ಧ ವಾಸನೆ ಹಿಡಿಯತೊಡಗಿತು. ಸಾವಕಾರ ತೊಟ್ಟಿಯ ಹತ್ತಿರ ಹೋಗುತ್ತಿದ್ದ, ಮೂಗು ಹಿಡಿದು ಬರುತ್ತಿದ್ದ.

ಮಧ್ಯಾಹ್ನ ಇಳಿಹೊತ್ತಿಗೆ ಹೊಟ್ಟು ಮತ್ತೆ ಗೂಡು ಕಟ್ಟಿತು. ಸ್ಕ್ರೂ ನಿಲ್ಲಿಸಿದರು. ಹುಲಿಗೆಮ್ಮ ಒಳಗೆ ಹೋದಳು. ಸ್ವಲ್ಪ ಹೊತ್ತಾಯಿತು.

ಯಂಕೋಬ ಕೂಗಿದ. "ಬಿಡ್ಲೇನು?"

ಖಾಜಾಸಾಬ ಅತ್ತ ತಿರುಗಿ ಕೂಗಿದ. ಕಿವಿಗೆ ಕೈ ಇಟ್ಟು ನಿಂತ. ಇತ್ತ ತಿರುಗಿ ಕೈ ಅಲ್ಲಾಡಿಸಿದ. ಇಲ್ಲ.

ಮತ್ತೆ ಕೂಗಿದರು. ಇಲ್ಲ.

"ಹೊರಗ ಬಂದಿರ್ತಾಳ," ಅಂದ ಸಾವಕಾರ. "ನೀರು ಕುಡಿಯಾಕ ಹೋಗಿರ್ತಾಳ. ಉಗಿ ಇಳದು ಹೋತು. ಒತ್ತು."

"ಓ ಅಂದಿಲ್ರಿ."

"ಗಂಟ್ಲ ಹರದಿರ್ತೈತಿ ಆಕಿಗೆ, ಬೆಳಗ್ಗಿಂದ ಕೂಗಿ. ಈ ತೊಟ್ಟಿ ಹೋದ್ರ ನಿನ್ನ ಕೆಲಸಾನೂ ಹೋಗ್ತೈತಿ ನೋಡು. ಒತ್ತಪಾ."

ಯಂಕೋಬನ ಬೆರಳು ಗುಂಡಿಯ ಹತ್ತಿರವೇ ಇತ್ತು. ಬಹುಶಃ ಸಾವಕಾರ ಹೇಳಿದ್ದೇ ನಿಜ. ಹತ್ತು ಸಲದಲ್ಲಿ ಒಂಬತ್ತು ಸಲ ಅದೇ ನಿಜವಾಗಿರುತ್ತದೆ. ಅವಳು ಹೊರಗಿರುತ್ತಾಳೆ, ನೀರು ಕುಡಿಯುತ್ತಿರುತ್ತಾಳೆ, ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ.

ಅವನು ಸ್ಕ್ರೂವಿನ ಮೇನ್ ಸ್ವಿಚ್ ಇಳಿಸಿದ. ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ.

"ಕೆಲಸ ಹೋಗ್ಲಿ ಬಿಡ್ರಿ," ಅಂದ. ಅಂಗಳಕ್ಕೆ ಇಳಿದು ನಡೆದ. ನಡೆಯುತ್ತಿದ್ದವನು ಓಡಿದ. ಖಾಜಾಸಾಬನೂ ಹಿಂದೆ ಓಡಿದ.

ಹೊಟ್ಟಿನ ಕೋಣೆಯ ಬಾಗಿಲು ತೆರೆದಿತ್ತು. ಒಳಗೆಲ್ಲ ಧೂಳು. ಗೂಡು ಒಮ್ಮೆಗೇ ಕುಸಿದಿತ್ತು. ಹುಲಿಗೆಮ್ಮ ಎದೆಯ ತನಕ ಹೊಟ್ಟಿನಲ್ಲಿ ಹೂತಿದ್ದಳು. ಬಾಯಿ ಮೂಗಿಗೆಲ್ಲ ಧೂಳು ಅಡರಿತ್ತು. ಬಾಯಿ ತೆರೆಯುತ್ತಿದ್ದಳು. ಧ್ವನಿ ಬರುತ್ತಿರಲಿಲ್ಲ. ಅವಳ ಕಾಲ ಕೆಳಗೇ ಸ್ಕ್ರೂ ಇತ್ತು.

ಅವರು ಹಲಗೆ ಹಾಸಿದರು. ಹಲಗೆಯ ಮೇಲೆ ಮಲಗಿ ಕೈಯಿಂದ ಹೊಟ್ಟು ಬಗೆದರು. ಹೊಟ್ಟು ತಿರುಗಿ ಬೀಳುತ್ತಿತ್ತು. ಮತ್ತೆ ಬಗೆದರು. ಕಂಕುಳಿಗೆ ಹಗ್ಗ ಕಟ್ಟಿ, ಖಾಜಾಸಾಬ ಒಂದು ಕಡೆ, ಯಂಕೋಬ ಒಂದು ಕಡೆ, ಮೆಲ್ಲಗೆ ಎಳೆದರು. ಸಾವಕಾರನೂ ಬಂದ. ಬಾಗಿಲಲ್ಲಿ ಒಂದು ಗಳಿಗೆ ನಿಂತ. ಆಮೇಲೆ ಅವನೂ ಹಗ್ಗಕ್ಕೆ ಕೈ ಹಾಕಿದ.

ಹೊರಗೆ ಕೂರಿಸಿ ನೀರು ಕೊಟ್ಟರು. ಅವಳು ಬಾಯಿ ಮುಕ್ಕಳಿಸಿ ಉಗುಳಿದಳು. ಬಹಳ ಹೊತ್ತು ಕೆಮ್ಮಿದಳು. ಕಣ್ಣೊರೆಸಿಕೊಂಡು ಯಂಕೋಬನನ್ನು ನೋಡಿದಳು.

"ಗುಂಡಿ ಬಿಟ್ಟು ಯಾಕ ಬಂದಿ?"

"ನೀ ಓ ಅನ್ನಲಿಲ್ಲ," ಅಂದ ಯಂಕೋಬ.

ಅವಳು ಕೈ ಚಾಚಿದಳು. ಅವನ ತಲೆಗೂದಲಲ್ಲಿ ಸಿಕ್ಕಿದ್ದ ಹೊಟ್ಟನ್ನು ಒಂದೊಂದೇ ತೆಗೆಯತೊಡಗಿದಳು. ತನ್ನ ಮೈ ತುಂಬ ಹೊಟ್ಟಿತ್ತು. ಅದನ್ನು ಬಿಟ್ಟು ಅವನದು ತೆಗೆದಳು.

ಉಳಿದರ್ಧ ತೊಟ್ಟಿಯ ಭತ್ತ ಕೆಟ್ಟಿತು. ಕೋಳಿ ಫಾರ್ಮಿನವರು ಒಯ್ದರು. ಸಾವಕಾರ ಆ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ಹುಬ್ಬಳ್ಳಿಯಿಂದ ಹೊಸ ದಾರ ಬಂತು. ಯಂಕೋಬ ಮೂಲೆ ಬಂದಲ್ಲೆಲ್ಲ ಏಣಿ ಇಳಿದು, ಹತ್ತಿ, ಸುತ್ತು ಕೊಟ್ಟು ಎಳೆದ. ಎರಡು ಎಳೆಯಲ್ಲೂ ಬೆಳಕು ಬಂತು. ಈಗ ಅವನು ಮಾತು ಕಳಿಸಿ ಕೈ ಕಟ್ಟಿ ಕೂರುತ್ತಾನೆ. ದೀಪ ತಡವಾಗಿ ಹತ್ತುತ್ತದೆ. ತಡವಾದಷ್ಟೂ ಅಲ್ಲೊಬ್ಬಳು ಎದ್ದು, ನಡೆದು, ಬಾಗಿಲು ಹಾಕುತ್ತಿದ್ದಾಳೆ ಅಂತ ಅವನಿಗೆ ಗೊತ್ತು.

ನೀತಿ: ಮಾತು ತಲುಪಿತು ಅಂತ ಹೇಳಬೇಕಾದವರು ಕೇಳಿಸಿಕೊಂಡವರು. ಆಡಿದವರಲ್ಲ. ನಮ್ಮ ಮಾತು ನಮ್ಮ ಕಿವಿಗೇ ತಿರುಗಿ ಬಿದ್ದರೆ ಅದನ್ನು ಉತ್ತರ ಅಂತ ತಿಳಿಯಬಾರದು. ಹತ್ತಿರದವರು ಹೂಂ ಅಂದೇ ಅನ್ನುತ್ತಾರೆ ಅಂತ ಅವರ ಬದಲು ನಾವೇ ಹೂಂ ಅಂದುಕೊಳ್ಳಬಾರದು. ಕೇಳಿ, ಕಾಯಬೇಕು. ಆ ತುದಿಯಲ್ಲಿ ಓ ಅನ್ನುವವರು ಇರುವಾಗಲೇ ಕಾಯಬೇಕು.